ಹಳೆಯ ವಿಷದ ಸಾಲ

ಒಂದು ವಿಷವಸ್ತುವನ್ನು ಕಾನೂನಿನಿಂದ ನಿಷೇಧಿಸಿದ ಮೇಲೆ ಅದರ ವಿಷಯದಲ್ಲಿ ನಮ್ಮ ಕರ್ತವ್ಯ ಮುಗಿಯಿತೆ? ಅದನ್ನು ಕಂಡುಹಿಡಿದವರು ತೀರಿಹೋದರು. ಬಳಸಿದವರಲ್ಲಿ ಬಹುಮಂದಿ ಇಂದಿಲ್ಲ. ಇಂದಿನ ಮಕ್ಕಳು ಅದರ ಹೆಸರನ್ನು ಪಾಠಪುಸ್ತಕದಲ್ಲಿ ಮಾತ್ರ ಓದಿ ಬಲ್ಲರು. ಆದರೂ ಆ ವಿಷವು ಎಲ್ಲಿಯೋ ಅಡಗಿದ್ದು, ಐವತ್ತು ವರ್ಷಗಳ ತರುವಾಯ ನೀರಿನಲ್ಲಿ ಬೆರೆತು ಮರಳಿ ಬಂದರೆ ಅದಕ್ಕೆ ಹೊಣೆ ಯಾರು? ಮೇಲ್ನೋಟಕ್ಕೆ ಇದು ರಸಾಯನಶಾಸ್ತ್ರದ ಪ್ರಶ್ನೆಯಂತೆ ತೋರುವುದು. ವಿಚಾರಿಸಿ ನೋಡಿದರೆ ಧರ್ಮಾಧರ್ಮಗಳ ಪ್ರಶ್ನೆಯಾಗಿದೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಇದನ್ನು ಬರಿಯ ತರ್ಕದ ಕಸರತ್ತೆಂದು ಬದಿಗಿಡುವಂತೆಯೂ ಇಲ್ಲ. ಆದುದರಿಂದ ಮೊದಲು ಒಂದು ನಡೆದ ಸಂಗತಿಯನ್ನು ನೋಡಿಕೊಂಡು, ಅನಂತರ ನ್ಯಾಯಾನ್ಯಾಯಗಳ ವಿಚಾರಕ್ಕೆ ಬರೋಣ.

ಸ್ವಿಟ್ಸರ್ಲೆಂಡ್ ದೇಶದ ಆಲ್ಪ್ಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು ೨೩೦೦ ಮೀಟರು ಎತ್ತರದಲ್ಲಿ, ಓಬರಾರ್ ಎಂಬ ಸರೋವರವೊಂದಿದೆ. ೧೯೫೩ರಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಂಟಾದುದು ಅದು. ಮೇಲಿರುವ ಹಿಮನದಿ ಕರಗಿ ಹರಿದುಬರುವ ನೀರೇ ಅದಕ್ಕೆ ಮುಖ್ಯ ಆಧಾರ. ಸಮೀಪದಲ್ಲಿ ಕಾರ್ಖಾನೆಯಿಲ್ಲ, ಹೊಲಗದ್ದೆಗಳಿಲ್ಲ. ಹಿಮನದಿ ಅರೆದು ತಂದ ನುಣ್ಣನೆಯ ಹೂಳು ವರ್ಷಕ್ಕೊಂದು ಪದರದಂತೆ ಸರೋವರದ ತಳದಲ್ಲಿ ಕೂರುತ್ತದೆ. ಮರದ ಕಾಂಡದ ಬಳೆಗಳನ್ನು ಎಣಿಸಿ ಅದರ ವಯಸ್ಸನ್ನು ತಿಳಿಯುವಂತೆ, ಈ ಪದರಗಳನ್ನು ಎಣಿಸಿ ಯಾವ ಹೂಳು ಯಾವ ವರ್ಷದ್ದೆಂದು ತಿಳಿಯಬಹುದು. ಸ್ವಿಸ್ ವಿಜ್ಞಾನಿಗಳು ಈ ಹೂಳನ್ನು ಕೊಳವೆಗಳಲ್ಲಿ ಮೇಲೆತ್ತಿ ಪರೀಕ್ಷಿಸಿ ೨೦೦೯ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ೧೯೬೦ ಮತ್ತು ೧೯೭೦ರ ದಶಕಗಳ ಪದರಗಳಲ್ಲಿ ಡಿ.ಡಿ.ಟಿ., ಪಿ.ಸಿ.ಬಿ. ಮುಂತಾದ ಕ್ಲೋರಿನ್‌ಯುಕ್ತ ವಿಷಗಳು ಹೆಚ್ಚಾಗಿದ್ದವು. ಅದು ನಿರೀಕ್ಷಿತವೇ, ಲೋಕವೆಲ್ಲ ಅವುಗಳನ್ನು ಧಾರಾಳವಾಗಿ ಬಳಸುತ್ತಿದ್ದ ಕಾಲವದು. ನಿಷೇಧಗಳು ಬಂದ ಮೇಲಿನ ಪದರಗಳಲ್ಲಿ ಅವು ಇಳಿಯುತ್ತ ಹೋದವು. ಅದೂ ನಿರೀಕ್ಷಿತವೇ. ಆದರೆ ೧೯೯೦ರ ದಶಕದ ಕೊನೆಯಿಂದ ಈಚಿನ ಪದರಗಳಲ್ಲಿ ಅವು ಪುನಃ ಏರಿದ್ದವು. ಬಳಕೆ ನಿಂತು ಎರಡು ದಶಕಗಳು ಕಳೆದ ಮೇಲೆ, ಯಾರೂ ಸಿಂಪಡಿಸದೆ, ಯಾರೂ ಸುರಿಯದೆ, ಆ ವಿಷ ಎಲ್ಲಿಂದ ಬಂದಿತು?

ಹಿಮನದಿಯಿಂದ ಬಂದಿತು. ಈ ವಸ್ತುಗಳು ಬೆಚ್ಚಗಿನ ನಾಡುಗಳಲ್ಲಿ ಮೆಲ್ಲಮೆಲ್ಲನೆ ಆವಿಯಾಗಿ ಗಾಳಿಯೊಡನೆ ಸಂಚರಿಸುತ್ತವೆ. ಶೀತಪ್ರದೇಶವನ್ನು ಮುಟ್ಟಿದೊಡನೆ ಮಂಜಿನೊಂದಿಗೆ ಕೆಳಗಿಳಿಯುತ್ತವೆ. ಹೀಗೆ ಇಳಿದುದು ಹಿಮದ ಪದರಗಳಲ್ಲಿ ಹುದುಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟಂತೆ ದಶಕಗಳ ಕಾಲ ಉಳಿಯಿತು. ಉಷ್ಣತೆ ಏರಿ ಹಿಮ ವೇಗವಾಗಿ ಕರಗತೊಡಗಿದಾಗ ಪೆಟ್ಟಿಗೆ ತೆರೆಯಿತು. ಆ ಕರಗುವಿಕೆ ಎಷ್ಟು ತೀವ್ರವೆಂಬುದಕ್ಕೆ ಒಂದು ಲೆಕ್ಕ ಸಾಕು: ೨೦೨೨ ಮತ್ತು ೨೦೨೩, ಈ ಎರಡೇ ವರ್ಷಗಳಲ್ಲಿ ಸ್ವಿಟ್ಸರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡವು. ಓಬರಾರ್ ಹೂಳಿನಲ್ಲಿ ಕಂಡ ವಿಷದ ಪ್ರಮಾಣ ಅತ್ಯಲ್ಪವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಭೀತಿ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಲ್ಪಪ್ರಮಾಣದಲ್ಲಿ ಕಂಡ ನಿಯಮವು ದೊಡ್ಡ ಪ್ರಮಾಣದಲ್ಲಿಯೂ ನಿಯಮವೇ.

ಹಿಮವಿಲ್ಲದ ನಾಡುಗಳಲ್ಲಿ ಇದೇ ನಿಯಮ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಮೆಯಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರು ನೀರು ೧೪.೬ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು. ಮೂವತ್ತು ಡಿಗ್ರಿಯಲ್ಲಿ ಅದು ೭.೬ ಮಿಲಿಗ್ರಾಮಿಗೆ ಇಳಿಯುತ್ತದೆ. ಆಮ್ಲಜನಕ ತೀರಿದ ಕೆರೆಯ ತಳದಲ್ಲಿ, ಅದುವರೆಗೆ ಕೆಸರಿಗೆ ಅಂಟಿಕೊಂಡಿದ್ದ ರಂಜಕ, ಮ್ಯಾಂಗನೀಸ್, ಕೆಲವೆಡೆ ಆರ್ಸೆನಿಕ್ ಕೂಡ ಬಿಡಿಸಿಕೊಂಡು ನೀರಿಗೆ ಸೇರುತ್ತವೆ. ಬರಗಾಲ ಬಂದರೆ ಹೊಳೆಗೆ ಬಿದ್ದ ಕೊಳೆ ಅಷ್ಟೇ ಇದ್ದರೂ ಅದನ್ನು ತೆಳ್ಳಗೆ ಮಾಡುವ ನೀರು ಇರುವುದಿಲ್ಲ. ಕೊಡಪಾನದಲ್ಲಿ ತಿಳಿಯದ ಚಿಟಿಕೆ ಉಪ್ಪು ಲೋಟದಲ್ಲಿ ಬಾಯಿಗಿಡಲಾರದಂತಾಗುತ್ತದೆ. ಅತಿವೃಷ್ಟಿಯಾದರೆ ಹೊಳೆಯ ತಳದ ಹಳೆಯ ಹೂಳೂ, ಗುಡ್ಡದ ಮೇಲ್ಮಣ್ಣೂ ಕದಡಿ, ಅವುಗಳಿಗೆ ಅಂಟಿಕೊಂಡ ವಿಷವು ಹೊಸ ಜಾಗಗಳಿಗೆ ಹೋಗುತ್ತದೆ. ಸಂಕ್ಷೇಪವಾಗಿ ಹೇಳುವುದಾದರೆ, ವಿಷ ಹಳೆಯದು. ಅದನ್ನು ಎಬ್ಬಿಸುವ ಉಷ್ಣ ಹೊಸದು.

ಈಗ ಧರ್ಮದ ಪ್ರಶ್ನೆಗೆ ಬರೋಣ. ಹೊಣೆ ಯಾರದೆಂದು ಕೇಳಿದಾಗ ಲೋಕದಲ್ಲಿ ಸಾಮಾನ್ಯವಾಗಿ ಮೂರು ಉತ್ತರಗಳು ಕೇಳಿಬರುತ್ತವೆ. ತಿಳಿಯದೆ ಮಾಡಿದ್ದು ಎಂಬುದು ಒಂದು. ನಾನೊಬ್ಬನೇ ಮಾಡಿದುದಲ್ಲ ಎಂಬುದು ಎರಡನೆಯದು. ನಾನು ಹುಟ್ಟುವ ಮೊದಲೇ ಆದುದು ಎಂಬುದು ಮೂರನೆಯದು. ಈ ಮೂರರಲ್ಲಿಯೂ ಸ್ವಲ್ಪ ಸತ್ಯವುಂಟು. ಆ ಸ್ವಲ್ಪ ಸತ್ಯವು ನಮ್ಮನ್ನು ಎಷ್ಟು ದೂರ ಕಾಪಾಡಬಲ್ಲುದೆಂಬುದನ್ನು ಪರೀಕ್ಷಿಸಬೇಕು.

ಮೊದಲನೆಯ ಉತ್ತರವನ್ನು ತೆಗೆದುಕೊಳ್ಳೋಣ. ಡಿ.ಡಿ.ಟಿ.ಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದನ್ನು ೧೯೩೯ರಲ್ಲಿ ಕಂಡುಹಿಡಿದವರು ಸ್ವಿಟ್ಸರ್ಲೆಂಡಿನವರೇ ಆದ ಪೌಲ್ ಮುಲ್ಲರ್. ಅದಕ್ಕಾಗಿ ೧೯೪೮ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಅದೇನು ಅಪಾತ್ರದಾನವಲ್ಲ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಮಲೇರಿಯಾ ಜ್ವರಕ್ಕೆ ತುತ್ತಾಗುತ್ತಿದ್ದರು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆದುದರ ಫಲವಾಗಿ ೧೯೬೦ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಮಲೆನಾಡಿನಲ್ಲಿಯೂ ವಯನಾಡಿನಲ್ಲಿಯೂ ಚಳಿಜ್ವರಕ್ಕೆ ಹೆದರಿ ಜನ ಕಾಲಿಡಲು ಅಂಜುತ್ತಿದ್ದ ಊರುಗಳು ವಾಸಯೋಗ್ಯವಾದುದು ಹೀಗೆ. ಆ ಬಿಳಿಯ ಪುಡಿಯನ್ನು ಗೋಡೆಗೆ ಹೊಡೆದವರನ್ನು ಇಂದು ಪಾಪಿಗಳೆಂದು ಕರೆಯುವವನು ಕೃತಘ್ನನೇ ಸರಿ.

ಆದರೆ ಪಾಪವಿಲ್ಲದ ಕಡೆ ಹೊಣೆಯೂ ಇಲ್ಲವೆಂದು ಹೇಳಬಹುದೆ? ಇವೆರಡೂ ಬೇರೆ ಬೇರೆ. ನಮ್ಮ ದನ ನಮಗೆ ತಿಳಿಯದೆ ಹಗ್ಗ ಬಿಚ್ಚಿಕೊಂಡು ನೆರೆಯವನ ಗದ್ದೆಯನ್ನು ಮೇಯ್ದರೆ ನಾವು ಕಳ್ಳರಾಗುವುದಿಲ್ಲ. ಆದರೂ ಪೈರಿನ ನಷ್ಟವನ್ನು ಕಟ್ಟಿಕೊಡದೆ ಗತ್ಯಂತರವಿಲ್ಲ. ಅಜ್ಞಾನವು ದೋಷವನ್ನು ತೊಳೆಯಬಹುದು, ನಷ್ಟವನ್ನು ತೊಳೆಯಲಾರದು. ಅಲ್ಲದೆ ಅಜ್ಞಾನಕ್ಕೂ ಒಂದು ಅವಧಿಯುಂಟು. ರೇಚಲ್ ಕಾರ್ಸನ್ ಎಂಬ ಅಮೆರಿಕದ ಲೇಖಕಿ ಈ ಕೀಟನಾಶಕಗಳ ಕೇಡನ್ನು ವಿವರಿಸಿ ಪುಸ್ತಕ ಬರೆದುದು ೧೯೬೨ರಲ್ಲಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು ಸ್ವೀಡನ್ನಿನ ಅರೇನಿಯಸ್ ಲೆಕ್ಕ ಹಾಕಿದುದು ೧೮೯೬ರಲ್ಲಿ. ೧೯೫೮ರಲ್ಲಿ ಹವಾಯಿಯ ಪರ್ವತದ ಮೇಲೆ ಅಳತೆ ಆರಂಭವಾದಾಗ ಅದರ ಪ್ರಮಾಣ ದಶಲಕ್ಷಕ್ಕೆ ಸುಮಾರು ೩೧೫ ಭಾಗವಿತ್ತು. ೨೦೨೪ರಲ್ಲಿ ಅದು ೪೨೦ನ್ನು ದಾಟಿತ್ತು. ತಿಳಿಯದೆ ಮಾಡಿದೆವೆಂಬ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಸಲ್ಲುತ್ತದೆ, ನಮ್ಮ ಬಾಯಲ್ಲಿ ಸಲ್ಲುವುದಿಲ್ಲ.

ಎರಡನೆಯ ಉತ್ತರ, ನಾನೊಬ್ಬನೇ ಮಾಡಿದುದಲ್ಲ ಎಂಬುದು. ಮಾಡಿದವನು ಒಬ್ಬನೇ ಆಗಿದ್ದು ಕಣ್ಣೆದುರಿಗಿದ್ದರೆ ನ್ಯಾಯ ಸುಲಭ. ರಾಜಸ್ಥಾನದ ಬಿಛ್ರಿ ಎಂಬ ಗ್ರಾಮದಲ್ಲಿ ಬಣ್ಣದ ಕೈಗಾರಿಕೆಗೆ ಬೇಕಾದ ಆಮ್ಲವೊಂದನ್ನು ತಯಾರಿಸಿದ ಕಾರ್ಖಾನೆಗಳು ಸಾವಿರಾರು ಟನ್ನು ವಿಷಗಸಿಯನ್ನು ಬಯಲಿನಲ್ಲಿ ಬಿಟ್ಟಿದ್ದವು. ಆ ಆಮ್ಲದ ತಯಾರಿಕೆ ನಿಂತಿತು, ಗಸಿ ಉಳಿಯಿತು. ವಿಷವು ನೆಲಕ್ಕೆ ಇಳಿದು ಬಾವಿಗಳ ನೀರು ಕೆಂಪಾಯಿತು. ಕೆಡಿಸಿದವರೇ ಸರಿಪಡಿಸುವ ವೆಚ್ಚವನ್ನು ತೆರಬೇಕೆಂದು ೧೯೯೬ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅಲ್ಲಿ ಗಸಿಗೆ ಒಡೆಯರಿದ್ದರು. ಆಲ್ಪ್ಸ್ ಹಿಮದೊಳಗಿನ ವಿಷಕ್ಕೆ ಒಡೆಯರಾರು?

ಒಂದು ದೃಷ್ಟಾಂತವನ್ನು ಊಹಿಸಿಕೊಳ್ಳಿರಿ. ಒಬ್ಬನು ತನ್ನ ಮುಳಿಹುಲ್ಲಿನ ಮನೆಯ ಅಟ್ಟದಲ್ಲಿ ವಿಷದ ಮಡಕೆಯನ್ನಿಟ್ಟನು. ಮಾಡು ಗಟ್ಟಿಯಾಗಿರುವ ತನಕ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನೆರೆಯವನೊಬ್ಬನು ತನ್ನ ಅನುಕೂಲಕ್ಕಾಗಿ ಆ ಮಾಡಿನ ಹುಲ್ಲನ್ನು ದಿನಕ್ಕೊಂದು ಹಿಡಿಯಂತೆ ಕಿತ್ತು ಒಯ್ದನು. ಮಳೆಗಾಲದಲ್ಲಿ ನೀರು ಇಳಿದು, ಮಡಕೆ ತುಂಬಿ, ವಿಷವು ಹರಿದು ಕೆಳಗಿನ ಮನೆಯವರ ಬಾವಿಗೆ ಬಿತ್ತು. ಮಡಕೆಯಿಟ್ಟವನು ಮಾಡಿನತ್ತ ಬೆರಳು ತೋರಿಸುತ್ತಾನೆ. ಹುಲ್ಲು ಕಿತ್ತವನು ಮಡಕೆಯತ್ತ ತೋರಿಸುತ್ತಾನೆ. ಇಬ್ಬರ ಮಾತೂ ನಿಜ. ಆದರೆ ಎರಡು ನಿಜಗಳು ಸೇರಿ ಕೆಳಗಿನ ಮನೆಯವರ ಬಾವಿಯನ್ನು ಶುದ್ಧ ಮಾಡಲಿಲ್ಲ. ಹೊಣೆಯು ಹಂಚಿಹೋದರೆ ಕರಗಿಹೋಗುವುದೆಂಬ ಭ್ರಾಂತಿಯನ್ನು ನಾವು ಬಿಡಬೇಕು. ನಾಲ್ವರು ಸೇರಿ ಹೊತ್ತ ಕಲ್ಲಿನ ಭಾರ ನಾಲ್ಕು ಪಾಲಾಗುವುದು ನಿಜ. ನಾಲ್ವರೂ ಕೈಬಿಟ್ಟರೆ ಕಲ್ಲು ಬೀಳುವುದು ಕಾಲಿನ ಮೇಲೆಯೇ. ಇಂದಿನ ಲೋಕದಲ್ಲಿ ಮಡಕೆಯಿಟ್ಟವರೂ ಹುಲ್ಲು ಕಿತ್ತವರೂ ಬಹುಮಟ್ಟಿಗೆ ಅವೇ ದೇಶಗಳವರು, ಅವೇ ಸುಖಗಳನ್ನು ಉಂಡವರು ಎಂಬುದನ್ನು ನೆನೆದರಂತೂ ಈ ಬೆರಳು ತೋರಿಸುವ ಆಟಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೂರನೆಯ ಉತ್ತರವು ಎಲ್ಲಕ್ಕಿಂತ ಬಲವಾದುದು. ನಾನು ಹುಟ್ಟುವ ಮೊದಲೇ ಆದುದಕ್ಕೆ ನಾನು ಹೇಗೆ ಹೊಣೆಗಾರನು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಸಾಲದ ರೂಪದಲ್ಲಿ ಬಹುಕಾಲದ ಹಿಂದೆಯೇ ಚರ್ಚಿಸಿದ್ದಾರೆ. ತಂದೆಯ ಸಾಲವನ್ನು ಮಗನೂ ಮೊಮ್ಮಗನೂ ತೀರಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯ ವಿಧಿ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು, ಕನ್ನಡ ನಾಡಿನವನು. ಆದರೆ ಎಲ್ಲ ಸಾಲವೂ ಮಗನ ತಲೆಗೆ ಬರುವುದಿಲ್ಲ. ತಂದೆಯು ಕುಡಿತಕ್ಕಾಗಿ, ಜೂಜಿಗಾಗಿ, ದುರ್ವ್ಯಸನಕ್ಕಾಗಿ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿಲ್ಲವೆಂದು ಅದೇ ಸ್ಮೃತಿ ಹೇಳುತ್ತದೆ. ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಅಲ್ಲಿಂದೀಚಿನ ಸಾಲಗಳ ಮಟ್ಟಿಗೆ, ಮಗನಾದ ಮಾತ್ರಕ್ಕೆ ತೆರಬೇಕೆಂಬ ಈ ಹಳೆಯ ಕಟ್ಟನ್ನು ತೆಗೆದುಹಾಕಿತು. ಕಾನೂನು ಬದಲಾದರೂ ಅದರ ಹಿಂದಿದ್ದ ವಿವೇಕ ವಿಚಾರಯೋಗ್ಯವಾಗಿಯೇ ಇದೆ.

ಆ ವಿವೇಕ ಯಾವುದು? ಜೂಜಿನ ಸಾಲದಿಂದ ಮನೆಗೆ ಏನೂ ಬರಲಿಲ್ಲ. ಆದುದರಿಂದ ಮನೆಯವರು ಅದನ್ನು ಹೊರಬೇಕಾಗಿಲ್ಲ. ಮನೆಯ ಸಲುವಾಗಿ ಮಾಡಿದ ಸಾಲದ ಅನ್ನವನ್ನು ಮಗನೂ ಉಂಡಿದ್ದಾನೆ. ಆದುದರಿಂದ ಅವನು ತೆರಬೇಕು. ಮನೆ ನನಗಿರಲಿ, ಸಾಲ ಅಪ್ಪನ ಹೆಸರಿಗಿರಲಿ ಎಂದರೆ ಯಾವ ಪಂಚಾಯತಿಯೂ ಒಪ್ಪದು. ಈ ಒರೆಗಲ್ಲಿಗೆ ನಮ್ಮ ವಿಷಯವನ್ನು ಹಚ್ಚಿ ನೋಡೋಣ. ಡಿ.ಡಿ.ಟಿ.ಯಿಂದ ಜ್ವರವಿಲ್ಲದ ಊರು ನಮಗೆ ಬಂದಿತು. ಕೀಟನಾಶಕಗಳಿಂದ ಹೆಚ್ಚಿನ ಬೆಳೆ ಬಂದಿತು. ವಿದ್ಯುತ್ ಪರಿವರ್ತಕಗಳಲ್ಲಿ ಪಿ.ಸಿ.ಬಿ. ತೈಲ ತುಂಬಿದ್ದ ಕಾಲದಲ್ಲಿ ಲೋಕದ ನಗರಗಳಿಗೆ ದೀಪ ಬಂದಿತು. ಕಲ್ಲಿದ್ದಲು, ಪೆಟ್ರೋಲುಗಳನ್ನು ಉರಿಸಿದುದರಿಂದ ರೈಲು, ಕಾರ್ಖಾನೆ, ಅವುಗಳೊಡನೆ ಅನೇಕರಿಗೆ ಸಂಬಳ ಬಂದಿತು. ಇದು ಜೂಜಿನ ಸಾಲವಲ್ಲ, ಮನೆಯ ಸಾಲ. ಆದುದರಿಂದ ಹುಟ್ಟಿದ ವರ್ಷವನ್ನು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ.

ಇದೇ ಒರೆಗಲ್ಲು ಇನ್ನೊಂದನ್ನೂ ತಿಳಿಸುತ್ತದೆ. ಯಾರಿಗೆ ಎಷ್ಟು ಆಸ್ತಿ ಬಂದಿತೋ ಅವರಿಗೆ ಅಷ್ಟು ಸಾಲ. ಆಸ್ತಿ ಬಾರದವನಿಗೆ ಸಾಲವೂ ಬಾರದು. ಆದರೆ ಲೋಕದಲ್ಲಿ ಇದಕ್ಕೆ ವಿಪರೀತವಾಗಿ ನಡೆದಿದೆ. ಕೆನಡಾದ ಉತ್ತರ ತುದಿಯ ಇನ್ಯುಯಿಟ್ ಜನರು ಪಿ.ಸಿ.ಬಿ.ಯನ್ನು ತಯಾರಿಸಿದವರಲ್ಲ, ಮಾರಿದವರಲ್ಲ. ಆದರೆ ಆ ವಿಷವು ಗಾಳಿಯಲ್ಲಿಯೂ ಸಾಗರದಲ್ಲಿಯೂ ಬಂದು, ಮೀನು ಸೀಲುಗಳ ಕೊಬ್ಬಿನಲ್ಲಿ ಸೇರಿ, ಅವರ ಆಹಾರವನ್ನು ಮುಟ್ಟಿತು. ಅವರ ತಾಯಂದಿರ ಎದೆಹಾಲಿನಲ್ಲಿ ದಕ್ಷಿಣ ಕ್ವಿಬೆಕ್ಕಿನ ತಾಯಂದಿರ ಹಾಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಪಿ.ಸಿ.ಬಿ. ಇರುವುದು ೧೯೮೦ರ ದಶಕದ ಪರೀಕ್ಷೆಗಳಲ್ಲಿ ಕಂಡುಬಂದಿತು. ಆಸ್ತಿ ಒಂದು ಮನೆಗೆ, ಸಾಲ ಇನ್ನೊಂದು ಮನೆಯ ತೊಟ್ಟಿಲಿಗೆ!

ಇಂಥ ತೊಟ್ಟಿಲುಗಳನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ, ಚಿಗುರನ್ನು ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ, ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ಮನೆ, ಬಾವಿ, ತೋಡು, ಸುರಂಗಗಳು ಗುಡ್ಡದ ಕೆಳಗೆ. ಎಣ್ಮಕಜೆಯ ಸ್ವರ್ಗ, ಪಡ್ರೆ ಮುಂತಾದ ಊರುಗಳ ಮಕ್ಕಳ ಸಂಕಟವನ್ನು ಇಲ್ಲಿಯ ವಾಚಕರಿಗೆ ಹೇಳಿ ತಿಳಿಸಬೇಕಾಗಿಲ್ಲ. ೨೦೧೧ರ ಎಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಸ್ತುವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮರುತಿಂಗಳು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು. ೨೦೧೭ರಲ್ಲಿ ಪ್ರತಿಯೊಬ್ಬ ಸಂತ್ರಸ್ತರಿಗೂ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಸಿಂಪಡಣೆ ನಿಂತ ಬಳಿಕವೂ ಉಳಿದ ವಿಷವು ವರ್ಷಗಟ್ಟಲೆ ಗೋದಾಮುಗಳ ಪೀಪಾಯಿಗಳಲ್ಲಿ ಇತ್ತು. ಹಳೆಯ ಪೀಪಾಯಿಗಳು ಹಾಳಾಗಿ ಅದನ್ನು ಹೊಸ ಪೀಪಾಯಿಗಳಿಗೆ ತುಂಬಬೇಕಾಯಿತು. ನಿಷೇಧದ ಆಜ್ಞೆಯನ್ನು ಮನುಷ್ಯನು ಓದಬಲ್ಲನು, ತಗಡು ಓದಲಾರದು. ಮಣ್ಣೂ ಮಳೆಯೂ ಓದಲಾರವು.

ಹಾಗಾದರೆ ನಾವು ಮಾಡತಕ್ಕದ್ದೇನು? ಸಾಲಗಾರನ ಮೊದಲ ಕರ್ತವ್ಯ, ಸಾಲವಿದೆಯೆಂದು ಒಪ್ಪಿ ಅದರ ಲೆಕ್ಕವನ್ನು ಇಟ್ಟುಕೊಳ್ಳುವುದು. ಹಿಮನದಿಯ ಕೆಳಗಿನ ಹೂಳನ್ನು ಯಾರಾದರೂ ಎತ್ತಿ ನೋಡದಿದ್ದರೆ ಆ ವಿಷವು ಮರಳಿದ ಸುದ್ದಿಯೇ ಲೋಕಕ್ಕೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಮುರಕಲ್ಲಿನ ಗುಡ್ಡವನ್ನು ಕೊರೆದು ನೀರು ತರುವ ಸುರಂಗಗಳು ಎಷ್ಟೋ ಇವೆ. ಯಾವ ಸುರಂಗದ ಮೇಲೆ ಯಾವ ತೋಟವಿತ್ತು, ಅಲ್ಲಿ ಏನನ್ನು ಯಾವ ವರ್ಷಗಳಲ್ಲಿ ಹೊಡೆದರು, ಖಾಲಿ ಡಬ್ಬಗಳನ್ನು ಎಲ್ಲಿ ಹಾಕಿದರು, ದೊಡ್ಡ ಮಳೆಯಲ್ಲಿ ಯಾವ ಗುಡ್ಡ ಜರಿಯಿತು, ಯಾವ ತೋಡು ದಾರಿ ಬದಲಾಯಿಸಿತು, ಇವೆಲ್ಲ ಇಂದು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಶಾಲೆಯ ಮಕ್ಕಳು ಉಪಾಧ್ಯಾಯರ ನೆರವಿನಿಂದ ಇದನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬಣ್ಣ, ವಾಸನೆಗಳಿಂದ ಈ ವಿಷಗಳನ್ನು ಕಂಡುಹಿಡಿಯಲು ಬಾರದು, ಅದು ಪ್ರಯೋಗಶಾಲೆಯ ಕೆಲಸ. ಆದರೆ ಯಾವ ಬಾವಿಯ ನೀರನ್ನು, ಯಾವ ಮಳೆಯ ಬಳಿಕ ಪರೀಕ್ಷಿಸಬೇಕೆಂಬ ತಿಳಿವಳಿಕೆ ಊರಿನವರಲ್ಲಿಯೇ ಇರುತ್ತದೆ. ಒಮ್ಮೆ ಪರೀಕ್ಷಿಸಿ ಶುದ್ಧವೆಂದು ಬರೆದ ಚೀಟಿ ಎಂದೆಂದಿಗೂ ಸಲ್ಲದು. ಮಳೆಯ ಕ್ರಮ ಬದಲಾದ ಮೇಲೆ ಬಾವಿಯನ್ನು ನೋಡುವ ಕ್ರಮವೂ ಬದಲಾಗಬೇಕು.

ಎರಡನೆಯ ಕರ್ತವ್ಯ, ಹಳೆಯ ಸಾಲ ತೀರುವ ಮೊದಲು ಹೊಸ ಸಾಲ ಮಾಡದಿರುವುದು. ಇಂದು ನಾವು ಗದ್ದೆಗೆ, ತೋಟಕ್ಕೆ, ಚರಂಡಿಗೆ ಹಾಕುವ ಪ್ರತಿಯೊಂದು ಹೊಸ ವಸ್ತುವಿನ ವಿಷಯದಲ್ಲಿಯೂ, ಇದು ಏನನ್ನು ಕೊಲ್ಲುತ್ತದೆಂದು ಕೇಳಿದರೆ ಸಾಲದು. ಕೊಂದ ಮೇಲೆ ಇದು ಎಲ್ಲಿಗೆ ಹೋಗುತ್ತದೆ, ನಾಳೆ ಬಿಸಿಲು ಹೆಚ್ಚಿದರೆ, ಪ್ರವಾಹ ಬಂದರೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಉರಿಸುವುದನ್ನು ಕಡಮೆ ಮಾಡುವುದೂ ಇದೇ ಕರ್ತವ್ಯದ ಭಾಗ. ನಾವು ಉರಿಸಿದುದು ಗಾಳಿಯನ್ನು ಕೆಡಿಸುವುದರೊಡನೆ ಯಾವುದೋ ಅಟ್ಟದ ಹುಲ್ಲನ್ನೂ ಕೀಳುತ್ತಿದೆ. ಇಲ್ಲಿಯೂ ಆಸ್ತಿಯ ಪ್ರಮಾಣದಲ್ಲಿಯೇ ಹೊರೆ ಹಂಚಬೇಕು. ಗುಡ್ಡದ ಕೆಳಗಿನ ಕೂಲಿಕಾರಳಿಗೂ ದೊಡ್ಡ ಉದ್ಯಮಗಳ ಒಡೆಯರಿಗೂ ಒಂದೇ ಉಪದೇಶ ಮಾಡುವುದು ನ್ಯಾಯವಲ್ಲ.

ಕೊನೆಯದಾಗಿ ಒಂದು ಮಾತು. ಈ ಸಾಲವನ್ನು ಯಾರಿಗೆ ತೀರಿಸುವುದು? ಕೊಟ್ಟವರು ಇಲ್ಲ, ನೊಂದವರಲ್ಲಿ ಕೆಲವರು ತೀರಿಹೋದರು. ಬದುಕಿರುವವರಿಗೆ ಸಲ್ಲಬೇಕಾದುದು ಸಲ್ಲಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಮಿಕ್ಕ ಪಾಲಿನ ವಿಷಯದಲ್ಲಿ ನಮ್ಮ ಹಿರಿಯರ ಇನ್ನೊಂದು ಕಲ್ಪನೆ ದಾರಿ ತೋರಿಸಬಹುದು. ದೇವಋಣ, ಋಷಿಋಣ, ಪಿತೃಋಣಗಳೆಂದು ಅವರು ಮೂರು ಋಣಗಳನ್ನು ಎಣಿಸಿದರು. ಅವುಗಳಲ್ಲಿ ಪಿತೃಋಣವು ತೀರುವುದು ಮಕ್ಕಳನ್ನು ಪಡೆಯುವುದರಿಂದ. ಅರ್ಥಾತ್, ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸಬೇಕು. ನೀರಿನ ಋಣವೂ ಅದೇ ಜಾತಿಯದು. ನಮಗೆ ಸುರಂಗವನ್ನು ಕೊರೆದುಕೊಟ್ಟವರು ಅದರ ನೀರನ್ನು ಬಹುಕಾಲ ಕುಡಿಯಲಿಲ್ಲ, ಕುಡಿಯುತ್ತಿರುವವರು ನಾವು. ನಾವು ಬರೆದಿಡುವ ಲೆಕ್ಕದ ಪುಸ್ತಕದ ಪ್ರಯೋಜನವೂ ಬಹುಶಃ ನಮಗೆ ಸಿಕ್ಕದು. ಇನ್ನು ಮೂವತ್ತು ವರ್ಷಗಳ ಬಳಿಕ ದೊಡ್ಡ ಮಳೆಯೊಂದು ಬಂದು ಹೋದ ಮರುದಿನ, ಯಾವ ಬಾವಿಯ ನೀರನ್ನು ಕುಡಿಯುವ ಮೊದಲು ಪರೀಕ್ಷಿಸಬೇಕೆಂದು ಯಾರೋ ಆ ಪುಸ್ತಕವನ್ನು ತೆರೆದು ನೋಡುವಂತಾದರೆ, ಸಾಲದ ಒಂದು ಕಂತು ಸಂದಿತೆಂದು ತಿಳಿಯೋಣ.